ಅಂಗಾಂಗ ಕಸಿ ಆದವರಿಗೆ ಲಸಿಕೆ ಏಕೆ ಅರ್ಧಂಬರ್ಧ ಕೆಲಸ ಮಾಡುತ್ತದೆ?

2021ರ ಮಾರ್ಚ್. ಕೋವಿಡ್ ಲಸಿಕೆ ಬಂದು ಮೂರು ತಿಂಗಳಾಗಿತ್ತು. ಆರೋಗ್ಯವಾಗಿದ್ದವರಲ್ಲಿ ಎಂಆರ್‌ಎನ್‌ಎ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಎರಡು ಡೋಸ್ ಆದ ಮೇಲೆ ಹೆಚ್ಚುಕಡಿಮೆ ಎಲ್ಲರ ರಕ್ತದಲ್ಲೂ ಆ್ಯಂಟಿಬಾಡಿ ಕಾಣಿಸುತ್ತಿತ್ತು. ಆಗ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರು ಒಂದು ಪುಟ್ಟ ವರದಿ ಪ್ರಕಟಿಸಿದರು. ಕಿಡ್ನಿ, ಲಿವರ್, ಹೃದಯ, ಶ್ವಾಸಕೋಶ ಹೀಗೆ ಯಾವುದೋ ಒಂದು ಅಂಗದ ಕಸಿ ಆಗಿದ್ದ 436 ಜನರ ರಕ್ತವನ್ನು ಅವರು ಪರೀಕ್ಷಿಸಿದ್ದರು. ಮೊದಲ ಡೋಸ್ ಆದ ಮೇಲೆ ಆ್ಯಂಟಿಬಾಡಿ ಬಂದಿದ್ದು ಶೇ 17 ಮಂದಿಗೆ ಮಾತ್ರ. ಎರಡು ತಿಂಗಳ ನಂತರ ಅದೇ ತಂಡ 658 ಜನರ ಲೆಕ್ಕ ಕೊಟ್ಟಿತು. ಎರಡನೇ ಡೋಸ್ ಆದ ಮೇಲೆ ಶೇ 54. ಅಂದರೆ ಸುಮಾರು ಅರ್ಧದಷ್ಟು ಜನ ಎರಡು ಡೋಸ್ ಹಾಕಿಸಿಕೊಂಡೂ ಆ್ಯಂಟಿಬಾಡಿ ಇಲ್ಲದೆ ಓಡಾಡುತ್ತಿದ್ದರು.

ಕಸಿ ವೈದ್ಯರಿಗೆ ಇದು ಹೊಸ ಸುದ್ದಿಯೇನಲ್ಲ. ಹೆಪಟೈಟಿಸ್ ಬಿ ಲಸಿಕೆ, ಫ್ಲೂ ಲಸಿಕೆ ಕಸಿ ಆದವರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಅನ್ನುವುದು ಅವರಿಗೆ ಮೊದಲಿಂದಲೂ ಗೊತ್ತಿತ್ತು. ಆದರೆ ಮನೆಯಲ್ಲಿ ಕೂತ ರೋಗಿಗೆ ಗೊತ್ತಿರಲಿಲ್ಲ. ಲಸಿಕೆ ಹಾಕಿಸಿಕೊಂಡರೆ ಆಯ್ತು, ಇನ್ನು ಭಯವಿಲ್ಲ ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರು. ಏಕೆ ಹೀಗಾಗುತ್ತದೆ ಅಂತ ತಿಳಿಯಬೇಕಾದರೆ ಚುಚ್ಚಿದ ಸೂಜಿಯ ಹಿಂದೆಯೇ ಮೈಯೊಳಗೆ ಹೋಗಬೇಕು.

ತೋಳಿನಿಂದ ಕಂಕುಳಿಗೆ

ಲಸಿಕೆ ತೋಳಿನ ಸ್ನಾಯುವಿಗೆ ಬೀಳುತ್ತದೆ. ಅಲ್ಲಿ ಕಾವಲಿಗೆ ಇರುವ ಕೆಲವು ಕೋಶಗಳು ಅದರ ಚೂರುಗಳನ್ನು ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗುತ್ತವೆ. ತೋಳಿಗೆ ಹತ್ತಿರ ಅಂದರೆ ಕಂಕುಳು. ಲಸಿಕೆ ಆದ ಮೇಲೆ ಕೆಲವರಿಗೆ ಕಂಕುಳಲ್ಲಿ ಗಂಟು ಊದಿ ನೋವು ಬರುವುದು ಇದರಿಂದಲೇ.

ಆ ಗ್ರಂಥಿಯೊಳಗೆ ಲಕ್ಷಾಂತರ ಟಿ ಕೋಶಗಳು, ಅಂದರೆ ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳು, ಇರುತ್ತವೆ. ಅವುಗಳಲ್ಲಿ ಈ ಚೂರನ್ನು ಗುರುತಿಸಬಲ್ಲವು ಬೆರಳೆಣಿಕೆಯಷ್ಟು. ಗುರುತು ಹಿಡಿದರೂ ಟಿ ಕೋಶ ತಕ್ಷಣ ಕೆಲಸಕ್ಕೆ ಇಳಿಯುವುದಿಲ್ಲ. ಚೂರು ತಂದ ಕೋಶದಿಂದ ಅದಕ್ಕೆ ಎರಡನೇ ಸಂಕೇತವೊಂದು ಬರಬೇಕು. ಎರಡೂ ಸಿಕ್ಕರೆ ಅದು ಇಂಟರ್‌ಲ್ಯುಕಿನ್-2 ಅನ್ನುವ ರಾಸಾಯನಿಕ ತಯಾರಿಸುತ್ತದೆ. ಅದರ ಬಲದಿಂದ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಹೀಗೆ ಹೆಚ್ಚಿದ ಟಿ ಕೋಶಗಳಲ್ಲಿ ಕೆಲವು, ಆ್ಯಂಟಿಬಾಡಿ ತಯಾರಿಸುವ ಬಿ ಕೋಶಗಳ ನೆರವಿಗೆ ಹೋಗುತ್ತವೆ.

ಅಸಲಿ ಕಲಿಕೆ ನಡೆಯುವುದು ಇಲ್ಲಿಂದ ಮುಂದೆ. ಗ್ರಂಥಿಯ ಒಳಗೆ ಬಿ ಕೋಶಗಳು ಗುಂಪು ಕಟ್ಟುತ್ತವೆ. ಇದಕ್ಕೆ ಜರ್ಮಿನಲ್ ಸೆಂಟರ್ ಅಂತ ಹೆಸರು. ಈ ಗುಂಪಿನ ಕೋಶಗಳು ಕೆಲವೇ ಗಂಟೆಗೊಮ್ಮೆ ಒಡೆಯುತ್ತವೆ. ಮೈಯಲ್ಲಿ ಇಷ್ಟು ಬೇಗ ಒಡೆಯುವ ಕೋಶಗಳು ತೀರಾ ಕಮ್ಮಿ. ಪ್ರತಿ ಸಲ ಒಡೆಯುವಾಗಲೂ ಆ್ಯಂಟಿಬಾಡಿಯ ನಕ್ಷೆಯಲ್ಲಿ ಸಣ್ಣ ಬದಲಾವಣೆ ಆಗುತ್ತದೆ. ಬದಲಾದ ಆ್ಯಂಟಿಬಾಡಿ ಮೊದಲಿಗಿಂತ ಗಟ್ಟಿಯಾಗಿ ಅಂಟಿಕೊಂಡರೆ ಆ ಕೋಶಕ್ಕೆ ಟಿ ಕೋಶದ ನೆರವು ಸಿಗುತ್ತದೆ. ಇಲ್ಲದಿದ್ದರೆ ಅದು ಅಲ್ಲೇ ಸಾಯುತ್ತದೆ. ವಾರಗಟ್ಟಲೆ ಈ ಜರಡಿ ಹಿಡಿಯುವ ಕೆಲಸ ನಡೆದು, ಕೊನೆಗೆ ಎರಡು ಬಗೆಯ ಕೋಶಗಳು ಹೊರಬರುತ್ತವೆ. ಒಂದು, ನೆನಪು ಇಟ್ಟುಕೊಳ್ಳುವ ಬಿ ಕೋಶ. ಇನ್ನೊಂದು, ಮೂಳೆಯ ಮಜ್ಜೆಯಲ್ಲಿ ಹೋಗಿ ನೆಲೆಸಿ ವರ್ಷಗಟ್ಟಲೆ ಆ್ಯಂಟಿಬಾಡಿ ಸುರಿಸುವ ಪ್ಲಾಸ್ಮಾ ಕೋಶ.

ಈಗ ಕಸಿಯ ಕಡೆ ಬನ್ನಿ. 1954ರಲ್ಲಿ ಬಾಸ್ಟನ್‌ನಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದಿದ್ದು ತದ್ರೂಪಿ ಅವಳಿಗಳ ನಡುವೆ. ಅವರಿಗೆ ಮಾತ್ರೆಯ ಗೊಡವೆ ಇರಲಿಲ್ಲ. ಬೇರೆಲ್ಲರ ಮೈಗೂ ಬಂದ ಅಂಗ ಪರಕೀಯ. ಅದನ್ನು ಪರಕೀಯ ಅಂತ ಗುರುತಿಸುವುದೂ ಇದೇ ಟಿ ಕೋಶ. ದಾಳಿಗೆ ದಂಡು ಕಟ್ಟುವುದೂ ಇದೇ ರೀತಿ, ಇದೇ ಗ್ರಂಥಿಗಳಲ್ಲಿ. ಈ ದಾಳಿಯನ್ನು, ಅಂದರೆ ರಿಜೆಕ್ಷನ್ ಅನ್ನು, ತಡೆಯುವ ಮಾತ್ರೆ ಈ ದಾರಿಯನ್ನೇ ಕಟ್ಟುತ್ತದೆ. ಇದು ಲಸಿಕೆಗೆ ಎದ್ದ ಕೋಶ, ಇದು ಕಿಡ್ನಿಯ ಮೇಲೆ ಬೀಳಲು ಎದ್ದ ಕೋಶ ಅಂತ ಬೇರೆ ಮಾಡುವ ಶಕ್ತಿ ಯಾವ ಮಾತ್ರೆಗೂ ಇಲ್ಲ.

ಯಾವ ಮಾತ್ರೆ ಎಲ್ಲಿ ಅಡ್ಡ ಬರುತ್ತದೆ

ಟ್ಯಾಕ್ರೊಲಿಮಸ್ ಮತ್ತು ಸೈಕ್ಲೋಸ್ಪೋರಿನ್ ಇಂಟರ್‌ಲ್ಯುಕಿನ್-2 ತಯಾರಾಗುವುದನ್ನು ತಗ್ಗಿಸುತ್ತವೆ. ಪ್ರೆಡ್ನಿಸೊಲೋನ್ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಬ್ರೇಕ್ ಹಾಕುತ್ತದೆ. ಬೆಲಾಟಾಸೆಪ್ಟ್ ಅನ್ನುವ ಇಂಜೆಕ್ಷನ್ ಎರಡನೇ ಸಂಕೇತವನ್ನೇ ಮುಚ್ಚಿಬಿಡುತ್ತದೆ. ಕೋವಿಡ್ ಲಸಿಕೆಯ ಅಧ್ಯಯನಗಳಲ್ಲಿ ಬೆಲಾಟಾಸೆಪ್ಟ್ ತೆಗೆದುಕೊಳ್ಳುವವರ ಫಲಿತಾಂಶ ನೋಡಿದರೆ ಬೇಸರವಾಗುತ್ತದೆ. ಎರಡು ಡೋಸ್ ಆದ ಮೇಲೆ 10 ಜನರಲ್ಲಿ ಒಬ್ಬರಿಗೂ ಆ್ಯಂಟಿಬಾಡಿ ಬರದ ವರದಿಗಳು ಇವೆ. ಇನ್ನು ಕಸಿಯ ಹೊತ್ತಿನಲ್ಲಿ ಕೊಡುವ ಆ್ಯಂಟಿ-ಥೈಮೊಸೈಟ್ ಗ್ಲೋಬ್ಯುಲಿನ್ ಟಿ ಕೋಶಗಳನ್ನು ತಿಂಗಳುಗಟ್ಟಲೆ ಅಳಿಸಿಹಾಕುತ್ತದೆ. ರಿಟುಕ್ಸಿಮ್ಯಾಬ್ ಬಿ ಕೋಶಗಳಿಗೆ ಅದೇ ಗತಿ ಕಾಣಿಸುತ್ತದೆ.

ಆದರೆ ದಿನನಿತ್ಯ ತೆಗೆದುಕೊಳ್ಳುವ ಮಾತ್ರೆಗಳ ಪೈಕಿ ಲಸಿಕೆಗೆ ಅತಿ ಹೆಚ್ಚು ತೊಡಕು ಮಾಡುವುದು ಮೈಕೋಫೆನೊಲೇಟ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಕೋಶ ಎರಡಾಗಬೇಕಾದರೆ ಡಿಎನ್‌ಎಯ ಇನ್ನೊಂದು ಪ್ರತಿ ಬೇಕು. ಅದಕ್ಕೆ ಗ್ವಾನಿನ್ ಅನ್ನುವ ಕಚ್ಚಾ ವಸ್ತು ಬೇಕು. ಮೈಯ ಬಹಳಷ್ಟು ಕೋಶಗಳು ಹಳೆಯ ಡಿಎನ್‌ಎ ಒಡೆದಾಗ ಸಿಗುವ ಗ್ವಾನಿನ್ ಅನ್ನೇ ಮತ್ತೆ ಬಳಸಿಕೊಂಡು ಕೆಲಸ ಸಾಗಿಸುತ್ತವೆ. ಟಿ ಮತ್ತು ಬಿ ಕೋಶಗಳಿಗೆ ಅಷ್ಟು ಸಾಕಾಗುವುದಿಲ್ಲ. ಅವು ಹೊಸದಾಗಿ ತಯಾರಿಸಿಕೊಳ್ಳಲೇಬೇಕು. ಹಾಗೆ ತಯಾರಿಸಲು ಬೇಕಾದ ಕಿಣ್ವವನ್ನು ಮೈಕೋಫೆನೊಲೇಟ್ ತಡೆಯುತ್ತದೆ. ಉಳಿದ ಕೋಶಗಳಿಗೆ ಅಷ್ಟಾಗಿ ತೊಂದರೆಯಿಲ್ಲ, ಟಿ-ಬಿ ಕೋಶಗಳಿಗೆ ಮಾತ್ರ ಪೆಟ್ಟು. ರಿಜೆಕ್ಷನ್ ತಡೆಯುವ ದೃಷ್ಟಿಯಿಂದ ನೋಡಿದರೆ ಇದು ತುಂಬಾ ಜಾಣ ಮದ್ದು. ಜರ್ಮಿನಲ್ ಸೆಂಟರ್ ನಡೆಯುವುದೋ ಬರೀ ಕೋಶ ಒಡೆಯುವುದರ ಮೇಲೆ. ಹಾಗಾಗಿ ಅದೇ ಜಾಣತನ ಲಸಿಕೆಗೆ ಕುತ್ತಾಗುತ್ತದೆ. ಡೋಸ್ ಜಾಸ್ತಿ ಇದ್ದಷ್ಟೂ ಲಸಿಕೆಗೆ ಬರುವ ಪ್ರತಿಕ್ರಿಯೆ ಕಮ್ಮಿ.

ಇದು ಬರೀ ಊಹೆಯಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಸಿಕೆ ಹಾಕಿಸಿಕೊಂಡವರ ಕಂಕುಳಿನ ಗ್ರಂಥಿಗೇ ತೆಳು ಸೂಜಿ ಹಾಕಿ ಕೋಶಗಳನ್ನು ತೆಗೆದು ನೋಡಿದರು. ಆರೋಗ್ಯವಂತರಲ್ಲಿ ಜರ್ಮಿನಲ್ ಸೆಂಟರ್ ಬಿ ಕೋಶಗಳು ಚೆನ್ನಾಗಿ ಬೆಳೆದಿದ್ದವು. ಕಿಡ್ನಿ ಕಸಿ ಆದವರಲ್ಲಿ ಆ ಬೆಳವಣಿಗೆ ತೀರಾ ಕ್ಷೀಣವಾಗಿತ್ತು.

ಸಿರೊಲಿಮಸ್ ಮತ್ತು ಎವರೊಲಿಮಸ್ ಕಥೆ ಮಾತ್ರ ಬೇರೆ. ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದ ಮದ್ದು ಸಿರೊಲಿಮಸ್. ಎವರೊಲಿಮಸ್ ಅದರದೇ ಬದಲಾದ ರೂಪ. ಇವೂ ಟಿ ಕೋಶ ಒಡೆಯುವುದನ್ನು ತಡೆಯುತ್ತವೆ. ಆದರೆ ಇಲಿಗಳಲ್ಲಿ ಸಿರೊಲಿಮಸ್ ನೆನಪಿನ ಟಿ ಕೋಶಗಳನ್ನು ಹೆಚ್ಚಿಸಿತ್ತು. ಆರೋಗ್ಯವಂತ ವಯಸ್ಸಾದವರಿಗೆ ಎವರೊಲಿಮಸ್ ಕೊಟ್ಟು ಸ್ವಲ್ಪ ದಿನ ಬಿಟ್ಟು ಫ್ಲೂ ಲಸಿಕೆ ಹಾಕಿದಾಗ ಪ್ರತಿಕ್ರಿಯೆ ಕೊಂಚ ಸುಧಾರಿಸಿತ್ತು. ಇದು ಓದಲು ಕುತೂಹಲದ ವಿಷಯ, ಅಷ್ಟೇ. ಈ ಕಾರಣಕ್ಕೆ ಮಾತ್ರೆ ಬದಲಿಸಿಕೊಡಿ ಅಂತ ಡಾಕ್ಟರ್ ಹತ್ತಿರ ಹಟ ಹಿಡಿಯುವಷ್ಟು ಪುರಾವೆ ಅದರಲ್ಲಿಲ್ಲ.

ಮಾತ್ರೆಯ ಜೊತೆಗೆ ಬೇರೆ ಸಂಗತಿಗಳೂ ಸೇರಿಕೊಳ್ಳುತ್ತವೆ. ವಯಸ್ಸು, ಕಿಡ್ನಿ ಎಷ್ಟು ಚೆನ್ನಾಗಿ ನಡೆಯುತ್ತಿದೆ ಅನ್ನುವುದು, ಕಸಿ ಆಗಿ ಎಷ್ಟು ಕಾಲವಾಯಿತು ಅನ್ನುವುದು. ಲಿವರ್ ಕಸಿ ಆದವರು ಸಾಮಾನ್ಯವಾಗಿ ಕಡಿಮೆ ಮಾತ್ರೆಯಲ್ಲಿ ಇರುತ್ತಾರೆ, ಪ್ರತಿಕ್ರಿಯೆಯೂ ಉತ್ತಮ. ಶ್ವಾಸಕೋಶ ಕಸಿ ಆದವರಿಗೆ ಮಾತ್ರೆ ಜಾಸ್ತಿ, ಲಸಿಕೆಯ ಫಲ ಕಮ್ಮಿ.

ಕಲಿತಿದ್ದು ಉಳಿಯುತ್ತದೆ

ಇಷ್ಟು ಓದಿದವರಿಗೆ ಒಂದು ಪ್ರಶ್ನೆ ಬರಬೇಕು. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಗಳ ಗತಿ ಏನು? ಮಾತ್ರೆ ಶುರುವಾದ ಕೂಡಲೇ ಅವೂ ಅಳಿಸಿಹೋಗುತ್ತವಾ?

ಬಹುಮಟ್ಟಿಗೆ ಇಲ್ಲ. ಮಜ್ಜೆಯಲ್ಲಿ ಕೂತ ಹಳೆಯ ಪ್ಲಾಸ್ಮಾ ಕೋಶಗಳು ಒಡೆಯುವುದೇ ಇಲ್ಲ. ಸುಮ್ನೆ ಕೂತು ಆ್ಯಂಟಿಬಾಡಿ ಮಾಡುತ್ತಿರುತ್ತವೆ, ಅಷ್ಟೇ. ಒಡೆಯದ ಕೋಶಕ್ಕೆ ಮೈಕೋಫೆನೊಲೇಟ್ ಏನು ಮಾಡೀತು? ಈ ಮಾತ್ರೆಗಳು ತಡೆಯುವುದು ಹೊಸ ಕಲಿಕೆಯನ್ನು. ಕಲಿತಾಗಿದ್ದನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ನನ್ನ ಪ್ರಕಾರ ಈ ವಿಷಯದಲ್ಲಿ ರೋಗಿಗಳು ಮತ್ತು ಮನೆಯವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಇದೇ. ಲಸಿಕೆಗೆ ಸರಿಯಾದ ಕಾಲ ಕಸಿಗೆ ಮುಂಚೆ.

ಅಂಗಕ್ಕಾಗಿ ಹೆಸರು ಬರೆಸಿ ಕಾಯುವ ತಿಂಗಳುಗಳು, ಕೆಲವರಿಗೆ ವರ್ಷಗಳು, ಇರುತ್ತವಲ್ಲ, ಆ ಸಮಯ ಲಸಿಕೆಗೆ ತುಂಬಾ ಬೆಲೆಬಾಳುವಂಥದ್ದು. ಆದರೆ ಆಗ ರೋಗಿಯೂ ಮನೆಯವರೂ ಡಯಾಲಿಸಿಸ್, ದುಡ್ಡು, ದಾನಿ ಅಂತ ನೂರೆಂಟು ಚಿಂತೆಯಲ್ಲಿರುತ್ತಾರೆ. ಲಸಿಕೆ ಯಾರಿಗೂ ನೆನಪಾಗುವುದಿಲ್ಲ. ಸಾಮಾನ್ಯ ನಿಯಮ ಹೀಗಿದೆ: ಜೀವಂತ ವೈರಸ್ ಇರುವ ಲಸಿಕೆ ಕಸಿಗೆ ಕನಿಷ್ಠ 4 ವಾರ ಮೊದಲು ಮುಗಿದಿರಬೇಕು. ಉಳಿದವು ಸಾಧ್ಯವಾದರೆ 2 ವಾರ ಮೊದಲು. ಕಸಿಗೆ ಕಾಯುತ್ತಿರುವ ಮಗುವಾದರೆ ದಡಾರದ ಎಂಎಂಆರ್ ಲಸಿಕೆಯನ್ನು ವರ್ಷ ತುಂಬುವ ತನಕ ಕಾಯದೆ 6 ತಿಂಗಳಿಗೇ ಕೊಡಬಹುದು.

ಮುಂಚೆ ಅಂದ ಮಾತ್ರಕ್ಕೆ ಎಲ್ಲವೂ ಸರಾಗ ಅಂತಲ್ಲ. ಡಯಾಲಿಸಿಸ್‌ನಲ್ಲಿ ಇರುವವರ ರೋಗನಿರೋಧಕ ಶಕ್ತಿಯೂ ಕುಂದಿರುತ್ತದೆ. ಅದಕ್ಕೇ ಅವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಸಾಮಾನ್ಯ ವಯಸ್ಕರ 20 ಮೈಕ್ರೋಗ್ರಾಂ ಬದಲು 40 ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುವುದು ರೂಢಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ, ಆ್ಯಂಟಿಬಾಡಿ 10ಕ್ಕಿಂತ (mIU/mL ಲೆಕ್ಕದಲ್ಲಿ) ಕಮ್ಮಿ ಬಂದರೆ ಮತ್ತೆ ಲಸಿಕೆ ಕೊಡುತ್ತಾರೆ.

ಕಸಿ ಆದ ಮೇಲೆ

ಮುಂಚೆ ಆಗಲಿಲ್ಲ, ಅಥವಾ ಫ್ಲೂ ಲಸಿಕೆಯಂತೆ ವರ್ಷ ವರ್ಷವೂ ಬೇಕು ಅನ್ನುವುದಾದರೆ ಏನು ದಾರಿ? ಕಸಿ ಆದ ಹೊಸದರಲ್ಲಿ ಮಾತ್ರೆಗಳ ಜೋರು ಜಾಸ್ತಿ. ಹಾಗಾಗಿ ಸಾಮಾನ್ಯವಾಗಿ 3ರಿಂದ 6 ತಿಂಗಳು ಕಾಯುತ್ತಾರೆ. ಫ್ಲೂ ಸೀಸನ್ ಶುರುವಾಗಿದ್ದರೆ ಆ ಲಸಿಕೆಯನ್ನು ಒಂದು ತಿಂಗಳಿಗೇ ಕೊಡುವುದುಂಟು.

ಕಲಿಕೆ ನಿಧಾನವಾದರೆ ಪಾಠವನ್ನು ಮತ್ತೆ ಮತ್ತೆ ಹೇಳಬೇಕು, ಅಲ್ವಾ? ಫ್ರಾನ್ಸ್‌ನ ಟುಲೂಸ್‌ನಲ್ಲಿ 2021ರಲ್ಲಿ 101 ಜನ ಕಸಿ ರೋಗಿಗಳಿಗೆ ಮೂರನೇ ಡೋಸ್ ಕೊಟ್ಟರು. ಅವರ ಲೆಕ್ಕ ನೋಡಿ. ಎರಡನೇ ಡೋಸ್ ಕೊಡುವ ಹೊತ್ತಿಗೆ ಆ್ಯಂಟಿಬಾಡಿ ಇದ್ದಿದ್ದು ಶೇ 4 ಜನರಿಗೆ. ಮೂರನೇ ಡೋಸ್ ಕೊಡುವ ಹೊತ್ತಿಗೆ ಶೇ 40. ಅದಾದ ನಾಲ್ಕು ವಾರಕ್ಕೆ ಶೇ 68. ಎರಡು ಡೋಸ್‌ಗೂ ಜಗ್ಗದೆ ಇದ್ದ 59 ಜನರಲ್ಲಿ 26 ಮಂದಿಗೆ ಮೂರನೆಯದರಿಂದ ಬಂತು. ಕೆನಡಾದ ಟೊರೊಂಟೊದಲ್ಲಿ 120 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮೂರನೇ ಡೋಸ್, ಇನ್ನೊಂದಕ್ಕೆ ಬರೀ ಉಪ್ಪುನೀರು ಕೊಟ್ಟು ನೋಡಿದರು. ನಿಗದಿ ಮಾಡಿದ ಮಟ್ಟ ಮುಟ್ಟಿದವರು ಮೊದಲ ಗುಂಪಿನಲ್ಲಿ ಶೇ 55, ಎರಡನೆಯದರಲ್ಲಿ ಶೇ 18. ಕಸಿ ಆದವರಿಗೆ ಹೆಚ್ಚುವರಿ ಡೋಸ್ ಹೇಳುವುದು ಇಂಥ ಲೆಕ್ಕಗಳ ಮೇಲೆಯೇ.

ಇನ್ನೊಂದು ದಾರಿ, ಡೋಸ್ ದೊಡ್ಡದು ಮಾಡುವುದು. ಸಾಮಾನ್ಯ ಫ್ಲೂ ಲಸಿಕೆಯಲ್ಲಿ ಪ್ರತಿ ತಳಿಯ ಪ್ರೋಟೀನ್ 15 ಮೈಕ್ರೋಗ್ರಾಂ ಇರುತ್ತದೆ. ಹೈ-ಡೋಸ್ ಲಸಿಕೆಯಲ್ಲಿ 60. ಟೊರೊಂಟೊದ ಇನ್ನೊಂದು ಅಧ್ಯಯನದಲ್ಲಿ ಕನಿಷ್ಠ ಒಂದು ತಳಿಗಾದರೂ ಪ್ರತಿಕ್ರಿಯೆ ಬಂದವರು ಸಾಮಾನ್ಯ ಡೋಸ್‌ನಲ್ಲಿ ಶೇ 56, ಹೈ-ಡೋಸ್‌ನಲ್ಲಿ ಶೇ 79.

ಮೂರನೆಯದು, ಲಸಿಕೆಯ ಜೊತೆಗೆ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ವಸ್ತು ಬೆರೆಸುವುದು. ಸರ್ಪಸುತ್ತಿಗೆ ಬಂದ ಹೊಸ ಲಸಿಕೆ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಲಸಿಕೆಯಲ್ಲಿ ಜೀವಂತ ವೈರಸ್ ಇತ್ತು, ಕಸಿ ಆದವರಿಗೆ ನಿಷಿದ್ಧ. ಹೊಸ ಶಿಂಗ್ರಿಕ್ಸ್‌ನಲ್ಲಿ ವೈರಸ್‌ನ ಒಂದೇ ಪ್ರೋಟೀನ್ ಮತ್ತು ಕೆರಳಿಸುವ ಬಲವಾದ ಮಿಶ್ರಣ ಇದೆ. ಕಿಡ್ನಿ ಕಸಿ ಆದ 264 ಜನರ ಪರೀಕ್ಷೆಯಲ್ಲಿ ಲಸಿಕೆ ಪಡೆದವರ ಪೈಕಿ ಎರಡು ಡೋಸ್ ಆದ ತಿಂಗಳಿಗೆ ಸುಮಾರು ಶೇ 80 ಜನರಿಗೆ ಆ್ಯಂಟಿಬಾಡಿ ಪ್ರತಿಕ್ರಿಯೆ ಬಂತು. ಕಸಿ ರೋಗಿಗಳಲ್ಲಿ ಇಷ್ಟು ಒಳ್ಳೆಯ ಅಂಕಿ ಅಪರೂಪ.

ಹಾಗಾದರೆ ಲಸಿಕೆಯ ಸಮಯಕ್ಕೆ ಮೈಕೋಫೆನೊಲೇಟ್ ನಾಲ್ಕು ದಿನ ಬಿಟ್ಟರೆ? ಈ ಯೋಚನೆ ರೋಗಿಗಳಿಗಿಂತ ಮೊದಲು ವೈದ್ಯರಿಗೇ ಬಂದಿತ್ತು. ಜರ್ಮನಿಯಲ್ಲಿ ಆಯ್ದ ಕೆಲವರಿಗೆ ನಿಲ್ಲಿಸಿ ನೋಡಿದಾಗ ಆಸೆ ಹುಟ್ಟಿಸುವ ಫಲಿತಾಂಶ ಬಂತು. ಆದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಚೀಟಿ ಎತ್ತಿದಂತೆ ಗುಂಪು ಮಾಡಿ ನಡೆಸಿದ ಪರೀಕ್ಷೆಯಲ್ಲಿ ಎರಡು ವಾರ ನಿಲ್ಲಿಸಿದ್ದರಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಲಾಭ ಅನುಮಾನ, ನಷ್ಟವಾದರೆ ಕಿಡ್ನಿಯೇ ಹೋದೀತು. ಅದೂ ವೈದ್ಯರ ಕಣ್ಣಳತೆಯಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡುತ್ತಾ ನಡೆಸಿದ ಪ್ರಯೋಗ. ಮನೆಯಲ್ಲಿ ತಾವಾಗಿಯೇ ಮಾತ್ರೆ ಬಿಡುವುದು ಖಂಡಿತ ಬೇಡ.

ಲಸಿಕೆಯಿಂದಲೇ ರಿಜೆಕ್ಷನ್ ಆಗುತ್ತದಂತೆ ಅನ್ನುವ ಮಾತೂ ಓಡಾಡುತ್ತದೆ. ರೋಗನಿರೋಧಕ ವ್ಯವಸ್ಥೆ ಎಚ್ಚರಗೊಂಡರೆ ಕಸಿಯ ಮೇಲೂ ಬೀಳಬಹುದು ಅನ್ನುವ ತರ್ಕ. ಕೇಳಲು ಸರಿಯೇ. ಆದರೆ ಫ್ಲೂ ಮತ್ತು ಇತರ ಲಸಿಕೆಗಳ ಅಧ್ಯಯನಗಳಲ್ಲಿ ರಿಜೆಕ್ಷನ್ ಹೆಚ್ಚಿದ್ದು ಕಂಡುಬಂದಿಲ್ಲ. ತಮಾಷೆ ಏನೆಂದರೆ ಫ್ಲೂ ಜ್ವರ ಬಂದ ಬೆನ್ನಲ್ಲೇ ರಿಜೆಕ್ಷನ್ ಆದ ಪ್ರಕರಣಗಳು ಇವೆ.

ಸಂಖ್ಯೆ ನೋಡಿ ಹೆದರಬೇಕೇ?

ಕೋವಿಡ್ ಕಾಲದಲ್ಲಿ ಆ್ಯಂಟಿಬಾಡಿ ಸಂಖ್ಯೆಗೆ ನಾವೆಲ್ಲ ಕೊಟ್ಟ ಮರ್ಯಾದೆ ಸ್ವಲ್ಪ ಜಾಸ್ತಿಯೇ ಆಯ್ತು. ಹೆಪಟೈಟಿಸ್ ಬಿಗೆ 10 ಅನ್ನುವ ಗೆರೆ ಇದೆ. ಆ ಗೆರೆ ನಂಬಬಹುದು. ಕೋವಿಡ್‌ಗೆ ಅಂಥ ಒಪ್ಪಿತ ಗೆರೆ ಇಲ್ಲ. ಬೇರೆ ಬೇರೆ ಲ್ಯಾಬ್‌ಗಳ ಕಿಟ್‌ಗಳು ಬೇರೆ ಬೇರೆ ಅಳತೆಯಲ್ಲಿ ಹೇಳುತ್ತವೆ. ಜೊತೆಗೆ ಟಿ ಕೋಶಗಳ ಕೆಲಸ ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಆ್ಯಂಟಿಬಾಡಿ ಬರದ ಕೆಲವರಲ್ಲಿ ಲಸಿಕೆಯನ್ನು ಗುರುತಿಸುವ ಟಿ ಕೋಶಗಳು ಸಿಕ್ಕಿವೆ. ಹಾಗಾಗಿ ಸೊನ್ನೆ ಬಂತು ಅಂತ ಲಸಿಕೆ ದಂಡ ಅನ್ನಲಾಗದು. ದೊಡ್ಡ ಸಂಖ್ಯೆ ಬಂತು ಅಂತ ಮಾಸ್ಕ್ ಬಿಸಾಡಲೂ ಆಗದು.

ಸೋಂಕು ತಡೆಯದೆ ಇದ್ದರೂ ಅದರ ಜೋರು ತಗ್ಗಿಸಿದರೆ ಅದೂ ಲಾಭವೇ. 616 ಜನ ಕಸಿ ರೋಗಿಗಳಲ್ಲಿ ಫ್ಲೂ ಬಂದಾಗ ಏನಾಯಿತು ಅಂತ 20 ಆಸ್ಪತ್ರೆಗಳು ಸೇರಿ ಲೆಕ್ಕ ಇಟ್ಟಿದ್ದವು. ಆ ವರ್ಷದ ಲಸಿಕೆ ಹಾಕಿಸಿಕೊಂಡಿದ್ದವರಲ್ಲಿ ನ್ಯುಮೋನಿಯಾ ಮತ್ತು ಐಸಿಯು ಸೇರುವ ಪ್ರಮಾಣ ಕಮ್ಮಿ ಇತ್ತು. ಇವರೆಲ್ಲರಿಗೂ ಫ್ಲೂ ಬಂದೇ ಇತ್ತು ಅನ್ನುವುದು ಗಮನಿಸಿ.

ಜೀವಂತ ಲಸಿಕೆ ಮತ್ತು ಮನೆಯವರು

ದಡಾರ, ಚಿಕನ್‌ಪಾಕ್ಸ್, ಹಳದಿ ಜ್ವರ, ಬಿಸಿಜಿ, ಬಾಯಿಗೆ ಹಾಕುವ ಪೋಲಿಯೊ ಹನಿ, ಮೂಗಿಗೆ ಹಾಕುವ ಫ್ಲೂ ಲಸಿಕೆ. ಇವುಗಳಲ್ಲಿ ಸೂಕ್ಷ್ಮಾಣು ಜೀವಂತ ಇರುತ್ತದೆ. ಅದನ್ನು ದುರ್ಬಲ ಮಾಡಿರುತ್ತಾರೆ ನಿಜ. ಆದರೆ ಒಳಗೆ ಸಮರ್ಥ ಕಾವಲು ಇದೆ ಅನ್ನುವ ನಂಬಿಕೆಯ ಮೇಲೆ. ಕಾವಲನ್ನು ಮಾತ್ರೆ ಮಲಗಿಸಿದ್ದರೆ ಆ ದುರ್ಬಲ ಸೂಕ್ಷ್ಮಾಣುವೇ ಬೆಳೆದು ಕಾಯಿಲೆ ತರಬಹುದು. ಅದಕ್ಕೇ ಕಸಿ ಆದ ಮೇಲೆ ಇವು ಸಾಮಾನ್ಯವಾಗಿ ಬೇಡ. ಕಡಿಮೆ ಮಾತ್ರೆಯಲ್ಲಿರುವ, ಕಸಿ ಆಗಿ ವರ್ಷ ದಾಟಿದ ಕೆಲವು ಲಿವರ್, ಕಿಡ್ನಿ ಮಕ್ಕಳಿಗೆ ಮಾತ್ರ ತಜ್ಞರು ದಡಾರ, ಚಿಕನ್‌ಪಾಕ್ಸ್ ಲಸಿಕೆ ಕೊಡುವುದುಂಟು. ಸತ್ತ ವೈರಸ್‌ನ ಲಸಿಕೆ, ಪ್ರೋಟೀನ್ ಲಸಿಕೆ, ಎಂಆರ್‌ಎನ್‌ಎ ಲಸಿಕೆ ಮೈಯೊಳಗೆ ಬೆಳೆಯಲಾರವು. ಅವುಗಳ ಬಗ್ಗೆ ಈ ಭಯ ಬೇಡ.

ರೋಗಿಯ ಮೈ ಲಸಿಕೆಯನ್ನು ಸರಿಯಾಗಿ ಕಲಿಯದಿದ್ದರೆ ಜೊತೆಯಲ್ಲಿ ಇರುವವರ ಮೈ ಕಲಿಯಬಹುದಲ್ಲ. ಮನೆಯವರೆಲ್ಲ ತಮ್ಮ ತಮ್ಮ ಲಸಿಕೆ ಪೂರ್ತಿ ಮಾಡಿಸಿಕೊಂಡರೆ ರೋಗಿಯ ತನಕ ಸೋಂಕು ಬರುವ ದಾರಿ ಕಿರಿದಾಗುತ್ತದೆ. ಮನೆಯವರು ಎಂಎಂಆರ್, ಚಿಕನ್‌ಪಾಕ್ಸ್ ಲಸಿಕೆ ಧಾರಾಳವಾಗಿ ಹಾಕಿಸಿಕೊಳ್ಳಬಹುದು. ಚಿಕನ್‌ಪಾಕ್ಸ್ ಲಸಿಕೆ ಆದ ಮೇಲೆ ಮೈಮೇಲೆ ಗುಳ್ಳೆ ಎದ್ದರೆ ಅವು ಒಣಗುವ ತನಕ ರೋಗಿಯಿಂದ ದೂರ ಇರಬೇಕು. ಬಾಯಿಯ ಪೋಲಿಯೊ ಹನಿಯ ವೈರಸ್ ಮಲದಲ್ಲಿ ಹೊರಬರುತ್ತದೆ. ಅಂಥ ಮನೆಯ ಮಗುವಿಗೆ ಹನಿಯ ಬದಲು ಪೋಲಿಯೊ ಇಂಜೆಕ್ಷನ್ ಕೊಡಿಸಲು ಆಗುತ್ತದಾ ಅಂತ ವೈದ್ಯರನ್ನು ಕೇಳಬೇಕು. ರೋಟಾವೈರಸ್ ಹನಿ ಹಾಕಿಸಬಹುದು, ಆದರೆ ನಾಲ್ಕು ವಾರ ಆ ಮಗುವಿನ ಡೈಪರ್ ಬದಲಿಸುವ ಕೆಲಸ ಬೇರೆಯವರದ್ದಾಗಲಿ.

ಕಲಿಸುವುದೇ ಆಗದಿದ್ದರೆ ಸಿದ್ಧ ಆ್ಯಂಟಿಬಾಡಿಯನ್ನೇ ಚುಚ್ಚುವುದು ಇನ್ನೊಂದು ಉಪಾಯ. ಕೋವಿಡ್‌ಗೆ ಎವುಶೆಲ್ಡ್ ಹಾಗೆಯೇ ಬಂತು. ಅಮೆರಿಕದಲ್ಲಿ 2021ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ವೈರಸ್ ರೂಪ ಬದಲಿಸಿದ್ದರಿಂದ 2023ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು. ದಡಾರ ಮತ್ತು ಚಿಕನ್‌ಪಾಕ್ಸ್‌ಗೆ ಈ ಉಪಾಯ ಇವತ್ತಿಗೂ ನಡೆಯುತ್ತಿದೆ. ಆದರೆ ದಿನಗಳ ಲೆಕ್ಕ ಬಿಗಿ. ದಡಾರ ಇರುವವರ ಸಂಪರ್ಕಕ್ಕೆ ಬಂದಿದ್ದರೆ 6 ದಿನದೊಳಗೆ, ಚಿಕನ್‌ಪಾಕ್ಸ್ ಆದರೆ 10 ದಿನದೊಳಗೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಆ್ಯಂಟಿಬಾಡಿಯ ಇಂಜೆಕ್ಷನ್) ಬೀಳಬೇಕು, ಬೇಗ ಆದಷ್ಟೂ ಒಳ್ಳೆಯದು. ಜ್ವರ ಬರಲಿ ಆಮೇಲೆ ನೋಡೋಣ ಅಂತ ಕೂರದೆ, ಸಂಪರ್ಕಕ್ಕೆ ಬಂದದ್ದು ಗೊತ್ತಾದ ದಿನವೇ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಬೇಕು.